ಪುಡಿಕೆ ಕಟ್ಟಿದ ಓಟು

ಗೆದ್ದಳು! ನನ್ನ ಮೊಮ್ಮಗಳು ಗೆದ್ದಳು! ನೇಕಾರರ ಸೊಸೈಟಿಯ ಹೆಣ್ಣುಮಕ್ಕಳ ಕುರ್ಚಿಗೆ ಸಾವಕಾರರ ಸೊಸೆಯನ್ನು ಸೋಲಿಸಿ ನನ್ನ ಮಗನ ಮಗಳು ಗೆದ್ದಳು. ಇದನ್ನು ಬರೆಯುವಾಗಲೂ ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹೋಗುತ್ತಿವೆ. ಹೋಗಲಿ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮುಂದೆ ಕಂಡಕಿ ಸುತ್ತಲು ಕೂರಿಸಿದರು, ಅಂದರೆ ಲಾಳಿಯೊಳಗೆ ಇಡುವ ನೂಲು ಸುತ್ತುವ ಕೆಲಸಕ್ಕೆ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರು ಬರೆದರೆ ಹಾರ, ಗುಲಾಲು ಅಷ್ಟನ್ನೇ ಬರೆದು ಮುಗಿಸುತ್ತಾರೆ.

ಗುಲಾಲು ಹಾರುವಾಗ ನನಗೆ ಬೇರೆಯದೇ ಒಂದು ಚಿಂತೆ ಇತ್ತು. ನನ್ನ ಮಗ ಮತ್ತು ಅವನ ಮಗಳು ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದರು. ಅವನು ಪಡಸಾಲೆಯಲ್ಲಿ ಊಟಕ್ಕೆ ಕೂತರೆ ಅವಳು ತಾಟು ಎತ್ತಿಕೊಂಡು ಮಗ್ಗದ ಖೋಲಿಗೆ ಹೋಗುತ್ತಿದ್ದಳು. ಗೆಲ್ಲಲಿ, ಸೋಲಲಿ, ಇವರಿಬ್ಬರೂ ಮತ್ತೆ ಒಂದು ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೋ, ಇಲ್ಲ ನನ್ನ ಕಣ್ಣೆದುರಿಗೇ ಈ ಮನೆಗೆ ಎರಡು ಒಲೆ ಹೂಡುತ್ತಾರೋ, ನನಗೆ ಬೇಕಾಗಿದ್ದ ಲೆಕ್ಕ ಅದೊಂದೇ.

ನಮ್ಮದು ಬನಹಟ್ಟಿ. ಓಣಿಯಲ್ಲಿ ಮಗ್ಗದ ಸದ್ದು ನಿಂತರೆ ಮನೆಯೊಳಗೆ ಯಾರೋ ಸತ್ತಿರಬೇಕು ಎಂದು ಹೊರಗೆ ಬಂದು ನೋಡುವ ಜನ ನಾವು. ಸೊಸೈಟಿ ನೂಲು ಕೊಡುತ್ತದೆ, ನಾವು ಸೀರೆ ನೇಯ್ದು ಕೊಡುತ್ತೇವೆ. ಆ ಸೊಸೈಟಿಯ ಅಧ್ಯಕ್ಷರೇ ಸಾವಕಾರರು. ನನ್ನ ಕೂದಲು ಕಪ್ಪಗಿದ್ದಾಗಲೂ ಅವರೇ, ಈಗಲೂ ಅವರೇ. ಹಾಗಂತ ಚುನಾವಣೆ ಆಗುತ್ತಿರಲಿಲ್ಲ ಎಂದಲ್ಲ. ಅವಧಿ ಮುಗಿದಾಗೊಮ್ಮೆ ಶಾಮಿಯಾನ ಹಾಕಿ, ಮಿರ್ಚಿ ಭಜಿ ಕರಿಸಿ, ಮೈಕಿನಲ್ಲಿ ಕೇಳುತ್ತಿದ್ದರು:

"ನಾವ ಮುಂದುವರೀಬೇಕು ಅನ್ನೋರು ಕೈ ಎತ್ರಿ."

ಎಲ್ಲರ ಕೈ ಮೇಲೆ. ಭಜಿ ಹಿಡಿದ ಕೈಯೂ ಮೇಲೆ.

"ಯಾರದರ ವಿರೋಧ ಐತೇನ್ರಪಾ? ನಾಚಬ್ಯಾಡ್ರಿ, ಹೇಳ್ರಿ."

ಆ ಮಾತು ಬಂದಾಗ ಸಾವಕಾರರ ಪಕ್ಕದಲ್ಲಿ ನಿಂತ ಕಾರಕೂನ ಕನ್ನಡಕ ಒರೆಸಿ ಹಾಕಿಕೊಂಡು ಸಾಲುಸಾಲಾಗಿ ನೋಡುತ್ತಿದ್ದ. ನಮ್ಮ ಸೀರೆಗಳನ್ನು ತಪಾಸು ಮಾಡಿ ಒಳಗೆ ತೆಗೆದುಕೊಳ್ಳುವವನೂ ಅವನೇ. ಒಂದು ಸಲ ಹಿಂದಿನ ಸಾಲಿನಿಂದ ಒಬ್ಬ ನೇಕಾರ ಎದ್ದು "ನಂದೈತ್ರಿ" ಎಂದ. ಸಾವಕಾರರು ಸಿಟ್ಟಾಗಲಿಲ್ಲ. "ಶಾಬಾಸ್! ಇಂವಗೊಂದು ಪ್ಲೇಟ್ ಭಜಿ ಜಾಸ್ತಿ ಕೊಡ್ರಿ" ಎಂದರು. ಜನ ಬಿದ್ದು ಬಿದ್ದು ನಕ್ಕರು. ಮರುವಾರದಿಂದ ಅವನಿಗೆ ಸಿಕ್ಕಿದ ನೂಲು ಕೈಯಲ್ಲಿ ಹಿಡಿದರೆ ಹರಿಯುತ್ತಿತ್ತು. ನೇಯ್ದು ತಂದರೆ ಡಾಗು, ಅಂದರೆ ಕಲೆ, ಇದೆ ಎಂದು ವಾಪಸು. ಕಡೆಗೆ ಅವನು ಮಗ್ಗಗಳನ್ನು ಗುಜರಿಯವನಿಗೆ ಕೊಟ್ಟ. ಗುಜರಿಯವನ ಆಳುಗಳು ಓಣಿಯಲ್ಲೇ ಅವನ್ನು ಸುತ್ತಿಗೆಯಿಂದ ಒಡೆದು ಗಾಡಿಗೆ ಹೇರಿದರು. ಅವನ ಹೆಂಡತಿ ಒಂದು ಲಾಳಿಯನ್ನು ಸೆರಗಿನಲ್ಲಿ ಮುಚ್ಚಿ ಇಟ್ಟುಕೊಂಡಳು. ಅದನ್ನೂ ಕೇಳಿ ಇಸಿದುಕೊಂಡರು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಮುಂದಿನ ಸಭೆಯಲ್ಲಿ ಮೈಕು ಬಾಯಿ ತೆರೆಯುವ ಮೊದಲೇ ಕೈಗಳು ಮೇಲೆದ್ದಿದ್ದವು.

ಇಂಥ ಊರಲ್ಲಿ ನನ್ನ ಮೊಮ್ಮಗಳು ನಿಂತಳು. ಯಾಕೆ ನಿಂತಳು ಎಂದರೆ, ಒಂದು ದಿನ ನನ್ನ ಸೊಸೆ ಸೀರೆ ಒಪ್ಪಿಸಲು ಹೋಗಿದ್ದಳು, ಮೊಮ್ಮಗಳೂ ಜೊತೆಗಿದ್ದಳು. ಸಾವಕಾರರು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದರು. ಅವರದೇ ಕೈ ತಗುಲಿ ಚಹಾ ಚೆಲ್ಲಿತು. ಅವರು ನನ್ನ ಸೊಸೆ ನೇಯ್ದ ಸೀರೆಯೊಂದನ್ನು ತೆಗೆದು ನೆಲಕ್ಕೆ ಎಸೆದು, "ಇದು ಹೆಂಗೂ ಮಾರಾಂಗಿಲ್ಲ, ಇದರಾಗ ಒರಸಬೇ" ಎಂದರು. ನನ್ನ ಸೊಸೆ ಒರೆಸಿದಳು. ತಾನು ನೇಯ್ದ ಸೀರೆಯಿಂದ ಮೊಣಕಾಲೂರಿ ಒರೆಸಿದಳು. ಅಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕೆಂದರು. ಸಾವಕಾರರು ನಗುವಾಗ ನಗದೆ ಇರುವುದು ಹೇಗೆ?

ಮೊಮ್ಮಗಳು ಅದನ್ನೆಲ್ಲ ನೋಡಿದಳು. ಜಮಖಂಡಿಯಲ್ಲಿ ಬಿ.ಕಾಂ. ಮಾಡಿದವಳು, ಅಜ್ಜ ಸತ್ತ ಮೇಲೆ ಸೊಸೈಟಿಯಲ್ಲಿದ್ದ ಅವರ ಷೇರು ಅವಳ ಹೆಸರಿಗೇ ಆಗಿತ್ತು. ಸೀದಾ ಹೋಗಿ ಹೆಣ್ಣುಮಕ್ಕಳ ಸ್ಥಾನಕ್ಕೆ ಅರ್ಜಿ ಹಾಕಿ ಬಂದಳು. ಇಬ್ಬರು ನಿಂತರೆ ಕೈ ಎತ್ತುವ ಆಟ ನಡೆಯುವುದಿಲ್ಲ, ಓಟಿನ ಡಬ್ಬಿ ಇಡಲೇಬೇಕು ಎಂದು ಚುನಾವಣೆ ನಡೆಸಲು ಜಮಖಂಡಿಯಿಂದ ಬಂದ ಸಾಹೇಬರು ಹೇಳಿದರು. ಅವಳಿಗೆ ಕೊಡೆ ಗುರುತು, ಸಾವಕಾರರ ಸೊಸೆಗೆ ಟ್ರ್ಯಾಕ್ಟರ್.

ಸಾವಕಾರರು ಅದಕ್ಕೂ ಒಂದು ಸಭೆ ಕರೆದರು. ನಾವೂ ಹೋಗಲೇಬೇಕಾಯಿತು.

"ನಾ ಯಾರಿಗೂ ಜುಲುಮಿ ಮಾಡಾಂವಲ್ಲ," ಎಂದರು. "ಒಂದ ಮಾತು ಕೇಳತೇನಿ. ಈ ಹುಡಿಗಿ ತಲಿ ನೆಟ್ಟಗಿಲ್ಲ ಅನ್ನೋರು ಕೈ ಎತ್ರಿ."

ಕೈಗಳು ಎದ್ದವು. ಹುಟ್ಟಿದಾಗ ಅವಳಿಗೆ ಬಜೆ ತೇಯ್ದು ನೆಕ್ಕಿಸಿದವರ ಕೈ, ಅವಳಿಂದ ಬ್ಯಾಂಕಿನ ಚೀಟಿ ಬರೆಸಿಕೊಂಡವರ ಕೈ. ಸಾವಕಾರರ ಕಣ್ಣು ನನ್ನ ಮಗನ ಮೇಲೆ ಬಂದು ನಿಂತಿತು.

"ಏನಲೇ, ಹಡದ ಅಪ್ಪ ನೀ. ನೀ ಏನಂತಿ?"

ನನ್ನ ಮಗ ಕೈ ಎತ್ತಿದ. ಅರ್ಧಕ್ಕೆ ಎತ್ತಿದ.

"ಪೂರಾ ಎತ್ತಪಾ, ಕಾರಕೂನಗ ಕಣ್ಣ ಮಂಜ ಅದಾವು."

ಪೂರಾ ಎತ್ತಿದ. ನಗು ಶಾಮಿಯಾನ ಹರಿಯುವ ಹಾಗೆ ಎದ್ದಿತು. ನನಗೆ ಯಾರೂ ಕೇಳಲಿಲ್ಲ. ಮುದುಕಿಯ ಕೈಗೆ ಯಾರು ಬೆಲೆ ಕೊಡುತ್ತಾರೆ? ಮೊಮ್ಮಗಳು ಅಪ್ಪನ ಕೈಯನ್ನು ಅದು ಕೆಳಗಿಳಿಯುವ ತನಕ ನೋಡಿದಳು. ಅವತ್ತಿನಿಂದಲೇ ಅವಳ ತಾಟು ಮಗ್ಗದ ಖೋಲಿಗೆ ಹೋದದ್ದು. ಮಗ ನನ್ನೆದುರು ಒಮ್ಮೆ ಗೊಣಗಿದ: "ಎರಡ ಮಗ್ಗ ಅದಾವಬೇ ಯವ್ವಾ. ಅವು ನಿಂತ್ರ ಏನ ತಿಂತೀರಿ, ಆಕಿ ಕೊಡಿ ತಿಂತೀರಿ?"

ಆಮೇಲೆ ಪ್ರಚಾರ. ನಾನು ಕಟ್ಟೆಯ ಮೇಲೆ ಕಂಡಕಿ ಸುತ್ತುತ್ತ ಎಲ್ಲ ಕೇಳುತ್ತಿದ್ದೆ. ಮೊಮ್ಮಗಳು ಎದುರು ಮನೆಗೆ ಹೋದರೆ ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. "ನಮ್ಮ ಮನಿ ಕೂಸು ನೀ, ನಿನ್ನ ಬಿಟ್ಟ ಯಾರಿಗೆ ಹಾಕೂಣು? ಹಿತ್ತಲ ಬಾಗಲದಿಂದ ಹೋಗವಾ ಮತ್ತ." ಸ್ವಲ್ಪ ಹೊತ್ತಿಗೆ ಸಾವಕಾರರ ಕಡೆಯವರು ಬಂದರೆ ಅದೇ ಬಾಗಿಲು ಅಗಲಕ್ಕೆ ತೆರೆದು ಓಣಿಗೆಲ್ಲ ಕೇಳುವಂತೆ: "ನಿಮ್ಮನ್ನ ಬಿಟ್ಟ ನಮಗ್ಯಾರ ಅದಾರ್ರಿ!" ಎರಡೂ ಕಡೆಯವರು ಖುಷಿಯಿಂದ ಹೋಗುತ್ತಿದ್ದರು. ನಳದ ಹತ್ತಿರ ನನ್ನ ಸೊಸೆ ಕೊಡ ಇಟ್ಟರೆ ಮಾತ್ರ ಅದರ ಆಚೀಚೆ ಯಾರೂ ಕೊಡ ಇಡುತ್ತಿರಲಿಲ್ಲ. ಖಾಲಿ ಜಾಗದ ನಡುವೆ ಅವಳ ಕೊಡ ಒಂದೇ ನಿಂತಿರುತ್ತಿತ್ತು.

ಹಾಗಾದರೆ ಜನರ ಮನಸ್ಸಿನಲ್ಲಿ ಏನಿತ್ತು? ಯಾರಿಗೆ ಗೊತ್ತು. ಗಂಡನ ಮನಸ್ಸು ಹೆಂಡತಿಗೆ ಗೊತ್ತಿರಲಿಲ್ಲ. ಅತ್ತೆ ಸೊಸೆಗೆ ಹೆದರಿ ಸಾವಕಾರರನ್ನು ಹೊಗಳುತ್ತಿದ್ದಳು, ಸೊಸೆ ಅತ್ತೆಗೆ ಹೆದರಿ ಇನ್ನೂ ಜೋರಾಗಿ ಹೊಗಳುತ್ತಿದ್ದಳು.

ಓಟಿನ ಹಿಂದಿನ ದಿನ ಕಾರಕೂನ ಸೀರೆ ಒಪ್ಪಿಸಲು ಬಂದ ಹೆಂಗಸರ ಮುಂದೆ ಒಂದು ಆಟ ಆಡಿದ. ಕಣ್ಣು ಮುಚ್ಚಿ, ರಾಶಿಯಿಂದ ಒಂದೊಂದೇ ಸೀರೆ ಎತ್ತಿ, ಬೆರಳಿನಿಂದ ಸವರಿ, "ಇದು ಮೂಲಿಮನಿದು, ಇದು ಬಾವಿ ಕಡೇದು, ಇದು ಮುದಕಿ ಮನಿದು" ಎಂದು ಹೇಳುತ್ತ ಹೋದ. ಒಂದೂ ತಪ್ಪಲಿಲ್ಲ. ಸೀರೆ ಮಡಚುವುದಕ್ಕೆ ನಾವು ಘಡಿ ಹಾಕುವುದು ಎನ್ನುತ್ತೇವೆ, ಮನೆಗೊಂದು ಘಡಿ. ನಮ್ಮ ಮನೆಯದು ನಾಲ್ಕು ಮಡಿಕೆ ಮಾಡಿ ಕಡೆಗೆ ಅಂಚನ್ನು ಒಂದು ಬೆರಳಿನಷ್ಟು ಒಳಕ್ಕೆ ತಿರುಗಿಸಿ ಒತ್ತುವುದು. ನನ್ನ ಅತ್ತೆ ನನಗೆ ಕಲಿಸಿದರು, ನಾನು ಮಗನಿಗೆ ಕಲಿಸಿದೆ.

ಕಾರಕೂನ ಕಣ್ಣು ತೆರೆದು ಹೇಳಿದ: "ನಾಳೆ ಚೀಟಿ ಎಣಸೂ ಮುಂದ ನಾನ ಕುಂದರತೇನ್ರವಾ. ಅರಿವಿ ಆದರೇನು, ಕಾಗದ ಆದರೇನು. ಕೈ ಅದ ಅಲ್ಲ?"

ಹೆಂಗಸರ ಮುಖ ಸುಣ್ಣವಾಯಿತು. ನನಗೂ ಹೆದರಿಕೆಯಾಯಿತು, ಯಾಕೆಂದರೆ ಮಾತು ಖರೆ. ನಮ್ಮ ಕೈಗೆ ಟವೆಲು ಕೊಟ್ಟರೂ ಪತ್ರಿಕೆ ಕೊಟ್ಟರೂ ಬೆರಳು ತಾನೇ ಘಡಿ ಹಾಕುತ್ತದೆ. ಗುಟ್ಟಾಗಿ ಓಟು ಹಾಕಿ ಹೆಸರು ಬರೆದು ಕೊಟ್ಟ ಹಾಗೆ ಆಗುತ್ತಿತ್ತು.

ಮಧ್ಯಾಹ್ನ ಕಂಡಕಿ ಸುತ್ತುವ ನೆಪದಲ್ಲಿ ಏಳೆಂಟು ಜನ ನಮ್ಮ ಹಿತ್ತಲಲ್ಲಿ ಕೂಡಿದೆವು. ಒಬ್ಬಳು ಎಂದಳು, "ಬೇರೇರ ಮನಿ ಘಡಿ ಹಾಕೂಣು." ಇನ್ನೊಬ್ಬಳು, "ಹಂಗಾರ ಪಾಪ ಆ ಮನಿಯಾವ್ರ ಸಾಯ್ತಾರ" ಎಂದಳು. ಆಗ ನನಗೆ ಅಂಗಡಿಯವನ ಪುಡಿಕೆ ನೆನಪಾಯಿತು. ಚಹಾಪುಡಿ, ಜೀರಿಗೆ ಕಟ್ಟಿಕೊಡುವ ಪುಡಿಕೆ. ಅದು ಯಾರ ಮನೆಯ ಘಡಿಯೂ ಅಲ್ಲ. ಹಳೇ ಕ್ಯಾಲೆಂಡರ್ ಹರಿದು ಪುಡಿಕೆ ತಿರುಚಲು ಕಲಿತೆವು. ಓಟಿಗೆ ಒತ್ತಿದ ಶಿಕ್ಕಾ ಒಣಗದೆ ತಿರುಚಿದರೆ ಮಸಿ ಹರಡಿ ಓಟು ಕೆಡುತ್ತದೆ, ಮೊದಲು ಊದಬೇಕು ಎಂದು ಮೊಮ್ಮಗಳು ಹೇಳಿದಳು. ಎಲ್ಲರೂ ಗಲ್ಲ ಉಬ್ಬಿಸಿ ಉಫ್ ಉಫ್ ಎಂದು ಊದಿದೆವು. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಹೋದವರು ಮಾತು ಮನೆಯಿಂದ ಮನೆಗೆ ಮುಟ್ಟಿಸಿದರು.

ಪಕ್ಕದ ಮನೆಯ ಮುದುಕಿ ಮಾತ್ರ ನಗಲಿಲ್ಲ. ನನ್ನ ಓರಗೆಯವಳು, ಸಂಧಿವಾತದಿಂದ ಬೆರಳು ಸೊಟ್ಟಗಾಗಿವೆ. ಎಷ್ಟು ಸಲ ತಿರುಚಿದರೂ ಕಡೆಗೆ ಅವಳ ಕೈ ಕಾಗದವನ್ನು ಬಿಚ್ಚಿ ನೀಟಾಗಿ ಮನೆಯ ಘಡಿಯನ್ನೇ ಹಾಕಿಬಿಡುತ್ತಿತ್ತು. ಕಾಗದ ಕೆಳಗಿಟ್ಟು ಹೇಳಿದಳು:

"ನಾ ಟ್ಯಾಕ್ಟರಿಗೆ ಹಾಕತೇನಬೇ. ನನ್ನ ಕೈ ಸುಳ್ಳ ಹೇಳವಲ್ತು."

ಮೊಮ್ಮಗಳು ಅವಳ ಬೆರಳು ಹಿಡಿದು, "ಹಾಕಬೇ ಆಯಿ, ಏನೂ ಆಗಾಂಗಿಲ್ಲ" ಎಂದಳು. ಮುದುಕಿ ಅತ್ತಳು. ಮರುದಿನ ಹಾಗೆಯೇ ಹಾಕಿದಳು.

ಓಟಿನ ದಿನ ಸಾವಕಾರರು ಬಾಗಿಲಲ್ಲೇ ಕುರ್ಚಿ ಹಾಕಿ ಕೂತು ಒಬ್ಬೊಬ್ಬರಿಗೂ ಕೈ ಮುಗಿದರು. ಎಲ್ಲರೂ ಇನ್ನೂ ಬಾಗಿ ಮುಗಿದರು. ಸಾಹೇಬರು ಚೀಟಿ ಕೊಟ್ಟು, "ಉದ್ದಕ ಮಡಚಿ ಹಾಕ್ರಿ" ಎನ್ನುತ್ತಿದ್ದರು. ಪರದೆಯ ಹಿಂದಿನಿಂದ ಉಫ್ ಉಫ್ ಸದ್ದು ಬರುತ್ತಲೇ ಇತ್ತು. "ಏನ್ರಿ ಈ ಊರಾಗ ಎಲ್ಲಾರಿಗೂ ದಮ್ಮ?" ಎಂದು ಸಾಹೇಬರು ಕೇಳಿದರು. ನಮ್ಮ ಮನೆಯಿಂದ ಸೊಸೈಟಿಯ ಸದಸ್ಯರು ಮೂವರೇ: ನಾನು, ಮಗ, ಮೊಮ್ಮಗಳು. ಸೊಸೆಗೆ ಓಟಿಲ್ಲ. ನಾನು ಕೊಡೆಗೆ ಒತ್ತಿ, ಊದಿ, ಪುಡಿಕೆ ಕಟ್ಟಿ ಹಾಕಿ ಬಂದೆ.

ಇಳಿಹೊತ್ತಿಗೆ ಎಣಿಕೆ. ಉಮೇದುವಾರರು, ಅವರ ಕಡೆಯ ಒಬ್ಬೊಬ್ಬರು ಮಾತ್ರ ಒಳಗೆ. ನಾನು ಕಿಟಕಿಯ ಸರಳು ಹಿಡಿದು ಹೊರಗೆ ನಿಂತೆ. ಡಬ್ಬಿ ಬೋರಲು ಹಾಕಿದರು. ಅಯ್ಯೋ, ನಾನು ಸಾಯುವ ತನಕ ಮರೆಯುವುದಿಲ್ಲ! ಮೇಜಿನ ಮೇಲೆ ಕಿರಾಣಿ ಅಂಗಡಿಯೇ ಬಿದ್ದ ಹಾಗೆ ಪುಡಿಕೆಗಳ ರಾಶಿ. ಕಾರಕೂನನ ಮುಖ ನೋಡಬೇಕಿತ್ತು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಪುಡಿಕೆ ಬಿಚ್ಚಿದರೆ ಕೊಡೆ, ಬಿಚ್ಚಿದರೆ ಕೊಡೆ. ನಡುನಡುವೆ ನೀಟಾದ ಘಡಿಗಳೂ ಇದ್ದವು, ಅವುಗಳಲ್ಲಿ ಟ್ರ್ಯಾಕ್ಟರ್. ತಾವು ಯಾರಿಗೆ ಹಾಕಿದ್ದೇವೆಂದು ಸಾವಕಾರರಿಗೆ ಕಾಣಲಿ ಎಂದು ಹಾಕಿದ ಘಡಿಗಳು. ಬಿಚ್ಚುವ ಮೊದಲೇ ಯಾವುದು ಯಾರಿಗೆ ಎಂದು ಹೇಳಬಹುದಿತ್ತು.

ರಾಶಿ ಅರ್ಧ ಕರಗಿದ ಮೇಲೆ ಕಾರಕೂನ ಒಂದು ಚೀಟಿಯನ್ನು ಬೊಟ್ಟಿನಿಂದ ತೋರಿಸಿದ. ನಾಲ್ಕು ಮಡಿಕೆ, ಅಂಚು ಒಂದು ಬೆರಳು ಒಳಕ್ಕೆ.

"ತಂಗಿ," ಎಂದ ಮೆತ್ತಗೆ, "ಇದು ಯಾರ ಮನಿ ಘಡಿ? ಗುರ್ತ ಹತ್ತತೇನು?"

ಸಾಹೇಬರು ಅದನ್ನು ಬಿಚ್ಚಿದರು. ಟ್ರ್ಯಾಕ್ಟರ್.

ಕಾರಕೂನ ನಕ್ಕ. ಇಷ್ಟು ಹೊತ್ತಿನ ಸೋಲನ್ನೆಲ್ಲ ಆ ಒಂದು ಚೀಟಿಯಲ್ಲಿ ವಸೂಲಿ ಮಾಡಿದವನ ಹಾಗೆ ನಕ್ಕ. ಮೊಮ್ಮಗಳು ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಸರಳು ಬಿಟ್ಟು ಗೋಡೆಗೆ ಸರಿದೆ. ಮಗನ ಕೈ ಹಿಡಿದು ಕೂರಿಸಿಕೊಂಡು ಆ ಅಂಚು ತಿರುಗಿಸಲು ಕಲಿಸಿದವಳು ನಾನಲ್ಲವೇ, ನನಗೆ ಗುರುತು ಹತ್ತದೆ ಇರುತ್ತದೆಯೇ.

ಎಣಿಕೆ ಮುಗಿಯಿತು. ಅವಳು ಗೆದ್ದಳು. ಮಿಕ್ಕ ಕುರ್ಚಿಗಳಿಗೆಲ್ಲ ಸಾವಕಾರರ ಜನರೇ ವಿರೋಧವಿಲ್ಲದೆ ಆಗಿದ್ದರು, ಅಧ್ಯಕ್ಷರೂ ಅವರೇ. ಆದರೇನು? ಅಷ್ಟು ಕುರ್ಚಿಗಳ ನಡುವೆ ಒಂದು ನಮ್ಮ ಹುಡುಗಿಯದು! ನಾನು ಓಣಿಯ ತುದಿಯಿಂದ ಮನೆಯವರೆಗೆ ಗುಲಾಲು ಎರಚುತ್ತ ಕುಣಿದುಕೊಂಡು ಬಂದೆ, ಮೊಣಕಾಲು ನೋವು ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಆಮೇಲೆ ಬಂದರು ನೋಡಿ ಜನ. "ನಾ ನಿನಗ ಹಾಕಿದ್ದೆವಾ!" "ನಮ್ಮ ಮನಿ ಪೂರಾ ನಿನಗ!" "ಸಭಾದಾಗ ಕೈ ಎತ್ತಿದ್ನಿ ಖರೆ, ಮನಸ್ನ್ಯಾಗ ಎತ್ತಿದ್ದಿಲ್ಲ." ಟ್ರ್ಯಾಕ್ಟರಿಗೆ ಹಾಕಿದವರು ಒಬ್ಬರೂ ಓಣಿಯಲ್ಲಿ ಸಿಗಲಿಲ್ಲ. ಪಕ್ಕದ ಮುದುಕಿ ಕೂಡ ಬಂದು ನನ್ನ ಕಿವಿಯಲ್ಲಿ, "ಕಡೀಕ ಕೊಡಿಗೇ ಒತ್ತಿದ್ನಬೇ" ಎಂದಳು. ಅವಳ ಘಡಿ ಬಿಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹೂಂ ಎಂದೆ. ಸಾವಕಾರರು ಒಂದು ಹಾರ ಕಳಿಸಿದರು, ತಂದವನು ಕಾರಕೂನ. "ಛಲೋ ಆತು ತಂಗಿ. ಮೀಟಿಂಗಿಗೆ ಬರ್ತಿರು. ಚಹಾ ಕುಡಿಸ್ತೇವಿ," ಎಂದು ಹೇಳಿ, ನನ್ನ ಸೊಸೆಯ ಕಡೆ ನೋಡಿ ಹೋದ.

ಮುಧೋಳದಿಂದ ನನ್ನ ಮಗಳು, ಅಳಿಯ, ಮಕ್ಕಳು ಸುದ್ದಿ ಕೇಳಿ ಸಂಜೆಯ ಬಸ್ಸಿಗೇ ಬಂದರು. ಸೊಸೆ ಶಿರಾ ತಿರುವಿದಳು, ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಮಗ ಕಾಣಿಸಲಿಲ್ಲ. ಮಗ್ಗದ ಖೋಲಿಯಿಂದ ಸದ್ದು ಮಾತ್ರ ಬರುತ್ತಿತ್ತು. ಓಣಿಯ ಮಗ್ಗಗಳೆಲ್ಲ ಗುಲಾಲಿಗೆ ನಿಂತಿದ್ದರೂ ನಮ್ಮದೊಂದೇ ಓಡುತ್ತಿತ್ತು. ಎಲ್ಲರಿಗೂ ತಾಟು ಹಾಕಿದ ಮೇಲೆ ಮೊಮ್ಮಗಳು ಎದ್ದು ಹೋದಳು. ಸದ್ದು ನಿಂತಿತು.

"ಅಪ್ಪಾ, ಊಟಕ್ಕ ಬಾ."

ಅಷ್ಟು ದಿನದ ಮೇಲೆ ಅದು ಮೊದಲ ಮಾತು. ಅವನು ಬಂದು ಗೋಡೆಯ ಬದಿಗೆ ಕೂತ. ನನ್ನ ಮಗಳಿಗೆ ಏನೂ ಗೊತ್ತಿಲ್ಲವಲ್ಲ, ನಗುತ್ತ ಕೇಳಿಬಿಟ್ಟಳು: "ಏನಣ್ಣಾ, ಅಂತೂ ಮಗಳಿಗೇ ಹಾಕಿದಿ ಹೌದಿಲ್ಲೋ?"

ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಇಡೀ ಓಣಿ ಹೂಂ ಎಂದು ಹೋಗಿತ್ತು.

"ಇಲ್ಲ," ಎಂದ ನನ್ನ ಮಗ. "ಟ್ಯಾಕ್ಟರಿಗೆ ಹಾಕೇನಿ."

"ನೋಡಿದ್ನಿ," ಎಂದಳು ಮೊಮ್ಮಗಳು.

"ಕಾಣಲಿ ಅಂತನ ಮಡಚಿದ್ನಿ. ಸಾವಕಾರಗ ಕಾಣಲಿ ಅಂತ. ನೀ ಅಲ್ಲಿ ಕುಂತಿರ್ತಿ ಅನ್ನೂದು ಹೊಳೀಲಿಲ್ಲ."

ಸೊಸೆ ಕೈಯಲ್ಲಿನ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಖ ತಿರುಗಿಸಿದಳು. ಮೊಮ್ಮಗಳು ಕೇಳಿದಳು: "ಮತ್ತ ನಾ ಸೋತಿದ್ದರ?"

"ಸೋತಿದ್ದರ ನಿನ್ನ ಮನಿಯಿಂದ ಹೊರಗ ಹಾಕತಿದ್ನಿ. ಹಾಕತೇನಿ ಅಂತ ಅಂವಗ ಮಾತ ಕೊಟ್ಟಿದ್ನಿ. ಮಗ್ಗ ಉಳಸ್ತೇನಿ ಅಂದಿದ್ದ."

ಮುಧೋಳದ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅಳಿಯ ಕೆಮ್ಮಿದ. ನಾನು ದೇವರ ಹೆಸರು ಹೇಳುವುದನ್ನೂ ಮರೆತು ಅವಳ ಕೈಯನ್ನೇ ನೋಡುತ್ತ ಕೂತೆ, ಈಗ ತಾಟು ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು.

ಅವಳು ಶಿರಾದ ಪಾತೇಲಿಯನ್ನು ಎಳೆದುಕೊಂಡು ಅಪ್ಪನ ತಾಟಿಗೆ ಒಂದು ಸೌಟು ಹಾಕಿದಳು.

"ಸಾಕು," ಎಂದ ಅವನು.

"ತಿನ್ನಪಾ. ಗೆದ್ದೇನಲ್ಲ, ಹೊರಗ ಹಾಕೂದ ತಪ್ಪಿತಲ್ಲ," ಎಂದು ಇನ್ನೊಂದು ಸೌಟು ಹಾಕಿದಳು. ದನಿಯಲ್ಲಿ ಪ್ರೀತಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಾಕಿ, ತನ್ನ ತಾಟಿನ ಮುಂದೆ, ಅವನ ಬಗಲಿಗೇ ಕೂತಳು. ಖೋಲಿಗೆ ಹೋಗಲಿಲ್ಲ.

ಅವನು ತಲೆ ತಗ್ಗಿಸಿ ಶಿರಾ ತಿಂದ. ತಿನ್ನಲಾಗದೆ ತಿಂದ, ಪೂರಾ ತಿಂದ. ಅವಳು ಎದುರು ನೋಡುತ್ತ ರೊಟ್ಟಿ ಮುರಿದಳು. ನಡುವೆ ಅವನು "ಹಿಂಡಿ ಕೊಡು" ಎಂದು ಯಾರಿಗೋ ಹೇಳಿದ, ಅವಳು ಶೇಂಗಾ ಹಿಂಡಿಯ ಡಬ್ಬಿಯನ್ನು ಅವನ ಕಡೆ ಸರಿಸಿದಳು. ಮುಧೋಳದ ಸಣ್ಣ ಹುಡುಗಿ ಶಿರಾ ಇನ್ನೂ ಬೇಕು ಎಂದು ಅಳಲು ಶುರುಮಾಡಿದಳು, ಸೊಸೆ ಎದ್ದು ಬಡಿಸಿದಳು, ಅಳಿಯ ಎಣ್ಣೆಗಾಯಿ ಬಹಳ ರುಚಿ ಎಂದ. ನಾನು ಎರಡು ರೊಟ್ಟಿ ತಿನ್ನುವವಳು ಮೂರು ತಿಂದೆ.